ಬಾಣಲೆ ಕುಡಿದವರು

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರ ಮುಖ ನೋಡುವುದು ಆಮೇಲೆ, ಮೊದಲು ಕಿವಿ ನೋಡುತ್ತಾರೆ. ಬೆಳಗಿನ ಕಷಾಯ ತಪ್ಪಿಸಿದವರ ಕಿವಿಯಂಚು ಮಧ್ಯಾಹ್ನದ ಹೊತ್ತಿಗೆ ಕೆಂಚಗಾಗಿ, ಸಂಜೆಯಷ್ಟರಲ್ಲಿ ತುಕ್ಕು ಹಿಡಿದ ಹಳೇ ಗೇಟಿನ ಬಣ್ಣಕ್ಕೆ ತಿರುಗಿರುತ್ತದೆ. “ಏನಮ್ಮ, ಕಿವಿ ಯಾಕೋ ಮಂಕಾಗಿದೆ, ಮನೇಲಿ ಎಲ್ಲಾ ಸರಿ ತಾನೆ?” ಎಂದು ಕೇಳುವುದು ನಮ್ಮಲ್ಲಿ ಕುಶಲ ವಿಚಾರಿಸುವ ರೀತಿ. ಬೇರೆ ಊರಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಬೇರೆ ಊರಿನವರು ನಮ್ಮೂರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ. ಬಸ್ಸಿನ ಡ್ರೈವರು ಇಂಜಿನ್ನು ಆರಿಸದೆ, ಜನರನ್ನು ಹೆಚ್ಚುಕಡಿಮೆ ದಬ್ಬಿಯೇ ಇಳಿಸಿ ಓಡಿಬಿಡುತ್ತಾನೆ. ಒಮ್ಮೆ ಪಾಪ, ಟೀ ಕುಡಿಯಲು ಇಳಿದ ಡ್ರೈವರೊಬ್ಬ ವಾಪಸು ಬರುವಷ್ಟರಲ್ಲಿ ಬಸ್ಸಿನ ಬಾಗಿಲು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಆ ಬಸ್ಸು ಈಗಲೂ ಸಂತೆಮಾಳದಲ್ಲಿದೆ, ಅದರೊಳಗೆ ಒಬ್ಬರು ಸೌತೆಬಳ್ಳಿ ಹಬ್ಬಿಸಿದ್ದಾರೆ.

ನಮ್ಮ ಹೆಂಗಸರು ಬದನೆಕಾಯಿಯನ್ನು ಕಷಾಯದ ನೀರಿನೊಳಗೇ ಹೆಚ್ಚುತ್ತಾರೆ. ಹೊರಗೆ ಹೆಚ್ಚಿದರೆ ಚಾಕು ಕೆಳಗಿಡುವಷ್ಟರಲ್ಲಿ ಹೋಳು ಕಪ್ಪಾಗಿರುತ್ತದೆ. ಚಾಕುವಿಗೂ ಕಷಾಯ, ಬಾಗಿಲ ಚಿಲಕಕ್ಕೂ ಕಷಾಯ, ಮನೆಮಂದಿಗೂ ಕಷಾಯ. ಮದುವೆಯ ಫೋಟೋಗಳಂತೂ ನೆಂಟರು ಊಟ ಮುಗಿಸಿ ಕೈತೊಳೆಯುವ ಮೊದಲೇ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಹಾಗಾಗಿ ನಮ್ಮ ಮನೆಗಳ ಗೋಡೆಯ ಮೇಲೆ ಮುತ್ತಜ್ಜನೂ ಹೋದ ತಿಂಗಳ ಮದುಮಗನೂ ಒಂದೇ ಕಾಲದವರ ಹಾಗೆ ಕಾಣುತ್ತಾರೆ. ನಾನು ಬಟ್ಟೆ ಹೊಲಿಯುವವಳು. ನನ್ನ ಸೂಜಿಗಳೆಲ್ಲ ಒಂದು ಲೋಟ ಕಷಾಯದಲ್ಲಿ ಮುಳುಗಿಕೊಂಡೇ ಬಾಳುತ್ತವೆ. ರವಿಕೆಯ ಒಂದು ತೋಳು ಮುಗಿಸಿ ಇನ್ನೊಂದಕ್ಕೆ ಕೈಹಾಕುವಾಗ ಸೂಜಿ ಬದಲಾಯಿಸಬೇಕು. ಇದನ್ನೆಲ್ಲ ಕಷ್ಟ ಎಂದು ನಾವು ಯಾರೂ ಅಂದುಕೊಂಡಿಲ್ಲ. ಹೀಗಲ್ಲದೆ ಬದುಕುವುದು ಹೇಗೆಂದು ನಮಗೆ ಗೊತ್ತಿದ್ದರೆ ತಾನೆ?

ಒಬ್ಬೊಬ್ಬರ ಮನೆಯ ಕಷಾಯ ಒಂದೊಂದು ಬಗೆ. ಯಾರೂ ಇನ್ನೊಬ್ಬರದನ್ನು ಕುಡಿಯುವುದಿಲ್ಲ, ಕೇಳುವುದೂ ಮರ್ಯಾದೆಯಲ್ಲ. ನಮ್ಮ ಮನೆಯದು ಅಜ್ಜಿಯ ಕಷಾಯ. ಅಜ್ಜಿ ಎಂದರೆ ನಿಂಗಾಜಮ್ಮ, ನಮ್ಮಪ್ಪನ ತಾಯಿ. ನಾನು ಕೈಗೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದ್ದು, ಬೈದದ್ದು, ಅಟ್ಟಿಸಿಕೊಂಡು ಬಂದು ಕಷಾಯ ಕುಡಿಸಿದ್ದು ಎಲ್ಲ ಅವಳೇ. ಅಮೃತಬಳ್ಳಿ, ತುಳಸಿ, ಮಜ್ಜಿಗೆಹುಲ್ಲು, ಒಂದು ತುಂಡು ಹಸಿ ಅರಿಶಿನ. ಇವೆಲ್ಲ ಕುದ್ದ ಮೇಲೆ, ಹಲ್ಲು ಜುಮ್ಮೆನ್ನುವಷ್ಟು ನಿಂಬೆಹುಳಿ. ಊರಿನವರೆಲ್ಲ ಮಣ್ಣಿನ ಮಡಕೆಯಲ್ಲಿ ಕಾಯಿಸಿದರೆ ಅಜ್ಜಿ ಕಾಯಿಸುತ್ತಿದ್ದುದು ಕಬ್ಬಿಣದ ಬಾಣಲೆಯಲ್ಲಿ. ನಮ್ಮೂರಿನಲ್ಲಿ ಕಬ್ಬಿಣದ ಬಾಣಲೆ ಇಟ್ಟುಕೊಳ್ಳುವುದೆಂದರೆ ಬೇರೆ ಕಡೆ ಆನೆ ಸಾಕಿದಷ್ಟು ದೊಡ್ಡಸ್ತಿಕೆ. ಅವಳ ಅತ್ತೆಯ ಅತ್ತೆಯಿಂದ ಬಂದದ್ದಂತೆ. ದಿನವೂ ಕಷಾಯ ಕುದಿಯುವುದರಿಂದಲೇ ಅದಕ್ಕೆ ತುಕ್ಕು ಹಿಡಿದಿಲ್ಲ ಎಂಬುದು ಅಜ್ಜಿಯ ವಾದ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಅವಳು ಬಾಣಲೆ ತೋರಿಸುತ್ತಿದ್ದಳು.

ಗವಿರಂಗನ ವಿಷಯಕ್ಕೆ ಬರುತ್ತೇನೆ. ಅವನು ಊರಿಗೆ ಇದ್ದ ಒಬ್ಬನೇ ಬೀಗ ಬಿಡಿಸುವವನು. ಸಂಜೆಯಾದರೆ ನಮ್ಮೂರಿನ ಅರ್ಧ ಜನ ತಮ್ಮ ತಮ್ಮ ಮನೆಯ ಮುಂದೆ ಕೀಲಿಕೈ ಹಿಡಿದುಕೊಂಡು ನಿಂತಿರುತ್ತಾರೆ. ಬೆಳಗ್ಗೆ ಹಾಕಿದ ಬೀಗ ಸಂಜೆಗೆ ಕಲ್ಲಾಗಿರುತ್ತದೆ. ಗವಿರಂಗ ಬಿದಿರಿನ ಬುಟ್ಟಿಯಲ್ಲಿ ಎಣ್ಣೆ, ಉಪ್ಪುಕಾಗದ, ಸಣ್ಣ ಸುತ್ತಿಗೆ ಇಟ್ಟುಕೊಂಡು ಬೀದಿಯ ಈ ತುದಿಯಿಂದ ಬಿಡಿಸಿಕೊಂಡು ಬರುತ್ತಿದ್ದ. ನನ್ನ ಕತ್ತರಿ ಒಂದು ಸಲ ಬಾಯಿ ತೆರೆದುಕೊಂಡೇ ಗಟ್ಟಿಯಾಗಿ ಹೋದಾಗ ಅವನನ್ನು ಕರೆಸಿದ್ದೆವು. ಜಗಲಿಯ ಮೇಲೆ ಕೂತು, ಕತ್ತರಿಯನ್ನು ಮಗುವನ್ನು ಸಮಾಧಾನ ಮಾಡುವವನ ಹಾಗೆ ಅಲುಗಿಸುತ್ತಾ, “ಬಲವಂತ ಮಾಡಬಾರದು ಕಣ್ರೀ, ಅದಕ್ಕೂ ಮನಸ್ಸು ಬರಬೇಕು” ಎಂದ. ನನಗೆ ಸಿಟ್ಟು ಬೇಗ. ಊರಿನ ಗಂಡಸರೆಲ್ಲ ನನ್ನ ಬಾಯಿಗೆ ಹೆದರುತ್ತಾರೆ. ಇವನು ಹೆದರಲಿಲ್ಲ, ನನ್ನ ಮಾತಿಗೆ ನಕ್ಕ. ಅದಾದ ಮೇಲೆ ನಮ್ಮ ಮನೆಯ ಬೀಗಕ್ಕೆ ಕಷಾಯ ಸವರುವುದು ನನಗೆ ಮರೆತುಹೋಗತೊಡಗಿತು. ಕತ್ತರಿಗೂ ಮರೆತೆ. ಡಬ್ಬಿಗಳ ಮುಚ್ಚಳಕ್ಕೂ ಮರೆತೆ. ಒಂದು ದಿನ ಅಪ್ಪ ತಿಂಡಿಯ ಡಬ್ಬಿ ತೆಗೆಯಲಾಗದೆ ಹಸಿದುಕೊಂಡು ಬಂದು, “ಕಮಲಿ, ಆ ಹುಡುಗನ್ನ ಮದುವೆ ಮಾಡ್ಕೊಂಡ್ಬಿಡಮ್ಮ, ನಾನು ಊಟ ಮಾಡ್ಬೇಕು” ಎಂದುಬಿಟ್ಟ.

ನಮ್ಮಪ್ಪ ಬೋರಲಿಂಗಯ್ಯ ಮಾತಾಡುವುದೇ ಕಡಿಮೆ. ಆಡಿದರೆ ಹೀಗೆ.

ನಮ್ಮಲ್ಲಿ ಹೆಣ್ಣು ನೋಡುವ ಪದ್ಧತಿಯಿಲ್ಲ, ಹೋಳು ನೋಡುವ ಪದ್ಧತಿ. ಎರಡೂ ಮನೆಯ ಹಿರಿಯ ಹೆಂಗಸರು ತಮ್ಮ ತಮ್ಮ ಕಷಾಯ ತಂದು ಒಂದೇ ಬಟ್ಟಲಿಗೆ ಸುರಿಯುತ್ತಾರೆ. ಸಿಪ್ಪೆ ತೆಗೆದ ಬಾಳೆಕಾಯಿಯ ಒಂದು ಹೋಳನ್ನು ಅದರೊಳಗೆ ಬಿಡುತ್ತಾರೆ. ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು ಕಾಫಿ ಕುಡಿದು ಮುಗಿಸುವವರೆಗೂ ಹೋಳು ಬೆಳ್ಳಗಿದ್ದರೆ ಎರಡು ಮನೆ ಕೂಡಿ ಬಾಳುತ್ತವೆ ಎಂದು ಅರ್ಥ. ಕಪ್ಪಾದರೆ ಮದುವೆ ಇಲ್ಲ. ಅಷ್ಟೇ ಅಲ್ಲ, ಅಂದಿನಿಂದ ಆ ಎರಡು ಮನೆಯವರು ಒಬ್ಬರ ಮನೆಯ ಲೋಹವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ತಂಬಿಗೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ. ಹೋಳು ಮಂಕಾಗುತ್ತಿದೆ ಎಂಬ ಅನುಮಾನ ಬಂದರೆ ಹುಡುಗಿಯ ಕಡೆಯವರು ಬಿಸಿಬಿಸಿ ಕಾಫಿಯನ್ನು ಗಟಗಟ ಕುಡಿದು ಬಾಯಿ ಸುಟ್ಟುಕೊಳ್ಳುವುದೂ ಉಂಟು. ಇದನ್ನೆಲ್ಲ ನಡೆಸಿಕೊಡುವವರು ಹೋಳಿನ ಯಜಮಾನರಾದ ಚಿಕ್ಕಸ್ವಾಮಪ್ಪ. ದೊಡ್ಡ ಹೊಟ್ಟೆ, ದೊಡ್ಡ ಕಿವಿ. ಅವರು ಕಾಫಿಯನ್ನು ಎಷ್ಟು ನಿಧಾನವಾಗಿ ಕುಡಿಯುತ್ತಾರೆ ಎಂಬುದರ ಮೇಲೆ ಎಷ್ಟೋ ಮದುವೆಗಳು ನಿಂತಿವೆ.

ನನಗೆ ಭಯವೇನೂ ಇರಲಿಲ್ಲ. ನಮ್ಮ ಕಷಾಯ ಹೆಸರಾದದ್ದು. ಗವಿರಂಗನ ತಾಯಿ ಪುಟ್ಟಗೌರಮ್ಮನ ಕಷಾಯವೂ ಕಡಿಮೆಯದಲ್ಲ. ನೆಲ್ಲಿಚೆಟ್ಟು, ದಾಳಿಂಬೆ ಸಿಪ್ಪೆ, ಅಳಲೆಕಾಯಿ. ಅಳಲೆಕಾಯಿ ಹಾಕುವ ಮನೆ ಊರಿಗೆ ಅದೊಂದೇ. ಬಾಯಿಗಿಟ್ಟರೆ ನಾಲಿಗೆ ಒಗರಿಗೆ ಮಡಿಚಿಕೊಂಡು ಮಾತೇ ಹೊರಡುವುದಿಲ್ಲ. ಗವಿರಂಗ ಮಾತು ಕಡಿಮೆ ಆಡುವುದು ಅದಕ್ಕೇ ಇರಬೇಕು. ಆದರೆ ಆ ಮನೆಯವರ ಕಿವಿಗಳನ್ನು ನೋಡಬೇಕು, ಮಲ್ಲಿಗೆಯ ಎಸಳು.

ಹೋಳು ನೋಡುವ ದಿನ ನಾನು ನಾನೇ ಹೊಲಿದ ಹಸಿರು ರವಿಕೆ ಹಾಕಿಕೊಂಡು ಪಡಸಾಲೆಯ ಕಂಬಕ್ಕೊರಗಿ ನಿಂತಿದ್ದೆ. ಗವಿರಂಗ ಎದುರಿಗೆ ಚಾಪೆಯ ಮೇಲೆ ಕೂತು ನಮ್ಮ ಮನೆಯ ಬೀಗಗಳನ್ನೇ ನೋಡುತ್ತಿದ್ದ, ನನ್ನನ್ನು ನೋಡಲು ನಾಚಿಕೆ. ಮೊದಲು ಅಜ್ಜಿ ತನ್ನ ಕಷಾಯ ಸುರಿದಳು, ಬಂಗಾರದ ಬಣ್ಣ. ಪುಟ್ಟಗೌರಮ್ಮ ತಮ್ಮದನ್ನು ಸುರಿದರು, ಜೇನಿನ ಬಣ್ಣ. ಎರಡೂ ಸೇರಿದ ಆ ಗಳಿಗೆಯಲ್ಲೇ ಬಟ್ಟಲಿನಲ್ಲಿ ಅಮಾವಾಸ್ಯೆಯಾಯಿತು. ಸ್ವಲ್ಪ ಮಂಕಲ್ಲ, ಕಂದಲ್ಲ, ಕಡುಕಪ್ಪು. ಚಿಕ್ಕಸ್ವಾಮಪ್ಪನವರು ಅಭ್ಯಾಸಬಲದಿಂದ ಹೋಳನ್ನು ಅದರೊಳಗೆ ಬಿಟ್ಟೇಬಿಟ್ಟರು. ಚಮಚದಿಂದ ಮೇಲೆತ್ತಿ ನೋಡಿದರೆ ಇದ್ದಿಲಿನ ತುಂಡು. ಉಪ್ಪಿಟ್ಟು ಇನ್ನೂ ಒಲೆಯ ಮೇಲಿತ್ತು.

“ಇಂಥದ್ದು ನಾನು ನೋಡೇ ಇಲ್ಲ” ಎಂದರು ಚಿಕ್ಕಸ್ವಾಮಪ್ಪ. ಅವರ ಧ್ವನಿಯಲ್ಲಿ ದುಃಖಕ್ಕಿಂತ ಸಂತೋಷವೇ ಹೆಚ್ಚಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. “ಈ ಮದುವೆ ಇಲ್ಲ. ಲೋಹ ಮುಟ್ಟೋ ಹಾಗಿಲ್ಲ. ಉಪ್ಪಿಟ್ಟು ಮಾಡಿದ್ದೀರಲ್ಲ, ಅದನ್ನ ತಿನ್ನೋಕೆ ಅಡ್ಡಿಯಿಲ್ಲ.”

ಯಾರು ತಿನ್ನುತ್ತಾರೆ? “ಏನ್ ಹಾಕಿದ್ದೆಯವ್ವ ನಿನ್ ಕಷಾಯಕ್ಕೆ? ಒಲೆ ಬೂದಿನಾ?” ಎಂದು ಅಜ್ಜಿ ಶುರುಮಾಡಿದಳು. “ನಮ್ಮದು ಮಡಕೆಯಲ್ಲಿ ಮಡಿಯಾಗಿ ಕಾಸಿದ್ದು ನಿಂಗಾಜಮ್ಮಾರೇ, ನಿಮ್ಮ ಹಾಗೆ ತೂತು ಬೀಳೋ ಬಾಣಲೇಲಿ ಅಲ್ಲ” ಎಂದರು ಪುಟ್ಟಗೌರಮ್ಮ. ಬಾಣಲೆಯ ಸುದ್ದಿ ಎತ್ತಬಾರದಿತ್ತು. ಅಜ್ಜಿ ಬಟ್ಟಲು ಎತ್ತಿಕೊಂಡು, ಹಿತ್ತಿಲ ಕಡೆ ನಡೆದು, ಒಳಗಿದ್ದದ್ದನ್ನೆಲ್ಲ ಚರಂಡಿಗೆ ಎಂದು ಬೀಸಿದಳು. ಅವಳ ಕಣ್ಣು ಆಗಲೇ ಸಾಕಷ್ಟು ಮಂಜಾಗಿತ್ತು. ಚರಂಡಿಗೆ ಒಂದು ಹನಿಯೂ ಬೀಳಲಿಲ್ಲ. ಎಲ್ಲ ಹೋಗಿ ಬಚ್ಚಲುಮನೆಯ ಬಾಗಿಲ ಮೇಲೆ ಬಿತ್ತು. ಬಾಗಿಲು ತೆರೆದೇ ಇದ್ದುದರಿಂದ ಒಳಗಿನ ಚಿಲಕ, ಕೀಲು ಎಲ್ಲ ಕಪ್ಪಾಯಿತು. ಹೋಳು ಹಾರಿ ಬಚ್ಚಲ ಗೂಡಿನಲ್ಲಿ ಸೀಗೆಪುಡಿಯ ಡಬ್ಬಿಯ ಹಿಂದೆ ಕೂತಿತು. ಒರೆಸಲು ಹೊರಟ ನನ್ನನ್ನು ಅಜ್ಜಿ ತಡೆದು, “ಅಪಶಕುನದ್ದು, ಯಾರೂ ಮುಟ್ಟಬೇಡಿ” ಎಂದಳು. ಗವಿರಂಗ ಎದ್ದು ಹೋಗುವಾಗ ರೂಢಿಯಂತೆ ನಮ್ಮ ಗೇಟು ಮುಚ್ಚಲು ಕೈಚಾಚಿ, ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಅಳುವ ಪೈಕಿ ಅಲ್ಲ. ಕಷಾಯ ಬಿಟ್ಟೆ. ಬೇರೆ ಊರಿನಲ್ಲಿ ಊಟ ಬಿಡುತ್ತಾರಂತೆ, ಅದರಿಂದ ಯಾರಿಗೆ ಏನು ಗೊತ್ತಾಗುತ್ತದೆ? ನಮ್ಮಲ್ಲಿ ಕಷಾಯ ಬಿಟ್ಟರೆ ಕಿವಿಯೇ ಊರಿಗೆಲ್ಲ ಸಾರುತ್ತದೆ. ಮೊದಲು ಅಂಚು ಕೆಂಚಗಾಯಿತು, ಆಮೇಲೆ ಹಾಲೆ, ಆಮೇಲೆ ಇಡೀ ಕಿವಿ ಇಟ್ಟಿಗೆಯ ಬಣ್ಣಕ್ಕೆ ಬಂತು. ಹೊಲಿಗೆಗೆ ಬಟ್ಟೆ ತಂದವರು ಅಳತೆ ಕೊಡುವುದನ್ನು ಬಿಟ್ಟು ನನ್ನ ಕಿವಿ ನೋಡಿಕೊಂಡು ನಿಲ್ಲುತ್ತಿದ್ದರು. “ಅಯ್ಯೋ, ಅಜ್ಜಿ ಕುಡಿಸ್ತಿಲ್ವಾ?” ಎಂದು ಅಜ್ಜಿಯ ಕಿವಿಗೆ ಬೀಳುವ ಹಾಗೆ ಕೇಳುತ್ತಿದ್ದರು. ಮೊಣಕೈ ಮಡಿಸಿದರೆ ಕಿರ್ರೆನ್ನತೊಡಗಿತು. ಅಜ್ಜಿ ದಿನಾ ಬೆಳಗ್ಗೆ ಲೋಟ ತಂದು ನನ್ನ ಮುಂದೆ ಕುಕ್ಕುತ್ತಿದ್ದಳು, ನಾನು ಅದರೊಳಗೆ ಸೂಜಿ ಹಾಕುತ್ತಿದ್ದೆ.

“ನನ್ನ ಕಷಾಯ ಸರಿಯಿಲ್ಲ ಅಂತ ಊರಿಗೆಲ್ಲ ತೋರಿಸ್ಬೇಕಾ ನೀನು?”

“ನಿನ್ನ ಕಷಾಯ ಸರಿಯಾಗೇ ಇದೆ. ನನಗೆ ಬೇಡ.”

“ಸಾಯ್ತೀಯ ಕಣೇ!”

“ತುಕ್ಕು ಹಿಡೀತೀನಿ ಅಷ್ಟೆ.”

ಅತ್ತ ಗವಿರಂಗನೂ ಕಷಾಯ ಬಿಟ್ಟಿದ್ದಾನೆಂದು ತರಕಾರಿಯವಳು ಹೇಳಿದಳು. ಅವನ ಮಲ್ಲಿಗೆ ಕಿವಿಗಳು ಈಗ ಕಾವಿ ಬಣ್ಣವಂತೆ, ಬೀಗ ಬಿಡಿಸುವಾಗ ಬೀಗಕ್ಕಿಂತ ಅವನ ಮಣಿಕಟ್ಟೇ ಜೋರಾಗಿ ಕಿರುಗುಟ್ಟುತ್ತದಂತೆ. ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಅವಳಿಂದ ಬೇಡದ ಹಾಗಲಕಾಯಿಯನ್ನೂ ಕೊಂಡುಕೊಂಡೆ.

ಮನೆಯ ಪರಿಸ್ಥಿತಿ ಮಾತ್ರ ಹೇಳುವಂತಿರಲಿಲ್ಲ. ಗವಿರಂಗ ನಮ್ಮ ಲೋಹ ಮುಟ್ಟುವಂತಿಲ್ಲ, ಬೀಗ ಬಿಡಿಸುವವನು ಇನ್ನೊಬ್ಬನಿಲ್ಲ. ಬೀರು ಹೋಯಿತು, ಅದರೊಳಗೆ ಅಪ್ಪನ ಪಂಚೆಗಳೆಲ್ಲ ಹೋದವು. ಮುಂಬಾಗಿಲು ಅರ್ಧ ತೆರೆದಂತೆ ನಿಂತುಬಿಟ್ಟಿತ್ತು, ಎಲ್ಲರೂ ಅಡ್ಡಡ್ಡ ನುಸುಳಬೇಕು. ಬಚ್ಚಲ ಚಿಲಕಕ್ಕೆ ಅಪಶಕುನದ ಭಯದಿಂದ ಯಾರೂ ಕಷಾಯ ಸವರದೆ ಬಿಟ್ಟಿದ್ದೆವು. ಹಾಕಿಕೊಂಡರೆ ಅಲ್ಲೇ ಗತಿ ಎಂದು ಬಾಗಿಲನ್ನು ಮುಂದೆ ಮಾಡಿಕೊಂಡು, ಜೋರಾಗಿ ಹಾಡು ಹೇಳುತ್ತಾ ಸ್ನಾನ ಮಾಡುತ್ತಿದ್ದೆವು. ಹಾಡು ನಿಂತರೆ ಬೇರೆಯವರು ಹೋಗಬಹುದು. ಅಪ್ಪನಿಗೆ ಬರುತ್ತಿದ್ದುದು ಒಂದೇ ಮಂಗಳಾರತಿ ಹಾಡು. ಅದನ್ನು ಕೇಳಿ ಪಕ್ಕದ ಮನೆಯವರು ಪ್ರಸಾದಕ್ಕೆ ಬಂದರು.

ಹೀಗಿರುವಾಗ ಒಂದು ಬೆಳಗ್ಗೆ ಅಜ್ಜಿ ಬಚ್ಚಲಿಗೆ ಹೋಗಿ, ಹಳೇ ಅಭ್ಯಾಸದಂತೆ ಚಿಲಕ ಹಾಕಿಕೊಂಡುಬಿಟ್ಟಳು. ಆ ಶಬ್ದ ಕೇಳಿ ನಾನು ಹೊಲಿಗೆಯಂತ್ರ ಬಿಟ್ಟು ಓಡಿದೆ. “ಅಜ್ಜೀ, ಚಿಲಕ ಹಾಕ್ಕೊಂಡ್ಯಾ?” ಎಂದರೆ ಉತ್ತರವಿಲ್ಲ. ಹಂಡೆಯಿಂದ ನೀರು ಮೊಗೆಯುವ ಸದ್ದು. ಅವಳಿಗೆ ಕಿವಿಯೂ ಅಷ್ಟಕ್ಕಷ್ಟೆ. ಒಳಗೆ ಒಲೆ ಉರಿಯುತ್ತಿದೆ, ಹೊಗೆ ಹೋಗಲು ಇರುವುದು ಒಂದು ಸಣ್ಣ ಕಿಂಡಿ. ಅಪ್ಪ “ಅವ್ವಾ! ಅವ್ವಾ!” ಎಂದು ಬಾಗಿಲು ಬಡಿದ. ಅಷ್ಟು ದಿನ ಅವಳ ಮೇಲೆ ಹಗೆ ಸಾಧಿಸುತ್ತಿದ್ದೆ, ಈಗ ಅವಳು ಆ ಹೊಗೆಯಲ್ಲಿ ಕುಸಿದರೆ? “ಗವಿರಂಗನ್ನ ಕರೀರಿ” ಎಂದು ಕೂಗಿಕೊಂಡೆ.

ಗವಿರಂಗ ಬರುವ ಮೊದಲೇ ಚಿಕ್ಕಸ್ವಾಮಪ್ಪ ಬಂದರು. ಎಲ್ಲಿಂದ ವಾಸನೆ ಹಿಡಿದರೋ. ಗವಿರಂಗ ಬುಟ್ಟಿ ಹಿಡಿದು ಓಡೋಡಿ ಬಂದವನು ಅವರನ್ನು ಕಂಡು ಹಿತ್ತಿಲ ಗೇಟಿನ ಹೊರಗೇ ನಿಂತ. ಅವನ ಹಿಂದೆ ಪುಟ್ಟಗೌರಮ್ಮ, ಅವರ ಹಿಂದೆ ಅರ್ಧ ಬೀದಿ. “ಮುಟ್ಟೋ ಹಾಗಿಲ್ಲ” ಎಂದರು ಚಿಕ್ಕಸ್ವಾಮಪ್ಪ. “ಬಾಗಿಲು ಮರದ್ದಲ್ವಾ ಸ್ವಾಮಿ?” ಎಂದ ಅಪ್ಪ. “ಚಿಲಕ ಕಬ್ಬಿಣದ್ದು.” “ಚಿಲಕ ಒಳಗಡೆ ಇದೆ, ಅವನು ಮುಟ್ಟೋದು ಹೊರಗಡೆ.” ಚಿಕ್ಕಸ್ವಾಮಪ್ಪ ಇದಕ್ಕೆ ಕಣ್ಣು ಮುಚ್ಚಿ ಯೋಚಿಸಿದರು. “ಮರಕ್ಕೆ ಮೊಳೆ ಹೊಡೆದಿದೆಯಲ್ಲ, ಮೊಳೆ ಈ ಕಡೆಗೂ ಬಂದಿದೆಯಾ ನೋಡ್ಬೇಕು” ಎಂದರು. ಮೊಳೆ ನೋಡಲು ನಾಲ್ಕಾರು ಜನ ಬಾಗಿದರು. ಅಜ್ಜಿ ಒಳಗೆ ಇದ್ದಾಳೋ ಹೋದಳೋ ಯಾರಿಗೂ ಗೊತ್ತಿಲ್ಲ, ಇವರಿಗೆ ಮೊಳೆಯ ಚಿಂತೆ. ನನ್ನ ತಲೆ ಕೆಟ್ಟಿತು.

“ರೀ ಗವಿರಂಗ” ಎಂದು ಕೂಗಿದೆ, “ಆ ಬುಟ್ಟಿ ತಗೊಂಡು ಒಳಗೆ ಬನ್ನಿ. ಮದುವೆ ಆಗ್ತೀನೋ ಇಲ್ವೋ, ನಮ್ಮಜ್ಜಿ ಬೇಕು ನಂಗೆ. ಯಾರು ಅಡ್ಡ ಬರ್ತಾರೋ ಬರ್ಲಿ!”

ಅವನು ಗೇಟಿಗೆ ಕೈಹಾಕಿದ. ಅಷ್ಟರಲ್ಲಿ ಬಚ್ಚಲ ಬಾಗಿಲು, ಎಣ್ಣೆ ಹಾಕಿದ ತೊಟ್ಟಿಲಿನ ಹಾಗೆ ಒಂದಿಷ್ಟೂ ಸದ್ದಿಲ್ಲದೆ ತೆರೆದುಕೊಂಡಿತು. ತಲೆಗೆ ಬಟ್ಟೆ ಸುತ್ತಿಕೊಂಡು, ಕೆಂಪಗೆ ಮಿಂಚುತ್ತಾ ಅಜ್ಜಿ ನಿಂತಿದ್ದಳು. ಎದುರಿಗೆ ಬಾಗಿಕೊಂಡಿದ್ದ ನಾಲ್ಕಾರು ಗಂಡಸರನ್ನು ನೋಡಿ, “ಏನ್ರೋ ಇದು? ನಾನು ಎರಕೊಂಡ್ರೆ ಊರೇ ಬಂದು ಕಾಲಿಗೆ ಬೀಳ್ಬೇಕಾ?” ಎಂದಳು.

ನನಗೆ ಅಳು ಬಂದೇಬಂತು. ಅಳುತ್ತಲೇ ಅವಳನ್ನು ಚೆನ್ನಾಗಿ ಬೈದೆ. ಬೈದು ಮುಗಿಸುವಷ್ಟರಲ್ಲಿ ಗೇಟಿನ ಹತ್ತಿರದಿಂದ ಗವಿರಂಗ, “ಅದು ಹೇಗೆ ತೆಗೀತು?” ಎಂದು ಕೇಳಿದ. ಎಲ್ಲರೂ ಚಿಲಕದ ಕಡೆ ತಿರುಗಿದರು. ಅಷ್ಟು ದಿನ ಕಷಾಯ ಕಾಣದ, ನೀರು ಹೊಗೆ ಎರಡೂ ಕುಡಿದ ಚಿಲಕ. ನ್ಯಾಯವಾಗಿ ಪುಡಿಯಾಗಿ ಉದುರಬೇಕಿತ್ತು. ಅದು ಕಪ್ಪಗೆ, ಅಜ್ಜಿ ಎಸೆದ ದಿನ ಹೇಗಿತ್ತೋ ಹಾಗೇ ಇತ್ತು. ಕಪ್ಪು ಬಿದ್ದಿದ್ದ ಕಡೆ ಒಂದು ಚೂರೂ ತುಕ್ಕಿಲ್ಲ. ಬೀಳದ ಕಡೆ, ಅದೇ ಕೀಲಿನ ಕೆಳತುದಿಯಲ್ಲಿ, ಕೆಂಪು ಹಪ್ಪಳ ಎದ್ದಿತ್ತು. “ಏನಾದ್ರೂ ಚೂಪಾದ್ದು ತಗೊಂಡು ಕೆರೆದು ನೋಡ್ರೀ” ಎಂದ ಗವಿರಂಗ. ನಾನು ತಲೆಯ ಪಿನ್ನು ತೆಗೆದು ಕೆರೆದೆ. ಪಿನ್ನು ಬಾಗಿತು, ಕಪ್ಪು ಜಗ್ಗಲಿಲ್ಲ.

ಆಗ ಪುಟ್ಟಗೌರಮ್ಮ ಒಂದು ಮಾತು ಕೇಳಿದರು. ಅತ್ತೆ ಎಂದು ನಾನು ಅವರನ್ನು ಒಪ್ಪಿಕೊಂಡದ್ದು ಆ ಮಾತಿಗೇ. “ಆವತ್ತಿನ ಹೋಳು ಎಲ್ಲಿ ಹೋಯ್ತು?”

ಹೋಳು ಸೀಗೆಪುಡಿಯ ಡಬ್ಬಿಯ ಹಿಂದೆ ಹಾಗೇ ಇತ್ತು. ಚಿಕ್ಕಸ್ವಾಮಪ್ಪನವರ ಮುಂದಿಟ್ಟು, ಕಷಾಯದಲ್ಲಿದ್ದ ಚಾಕು ತಂದು ನಾನೇ ಕೊಯ್ದೆ. ಹೊರಗೆ ಕರಿಯ ಸಿಪ್ಪೆಯಂತೆ ಒಂದು ಪದರ. ಒಳಗೆ, ಆಗ ತಾನೆ ಸುಲಿದ ಬಾಳೆಕಾಯಿಯಷ್ಟು ಬಿಳುಪು. ನಮ್ಮೂರಿನಲ್ಲಿ, ಮಾತು ಮುಗಿಯುವವರೆಗೆ ಬೆಳ್ಳಗಿರುವ ಹೋಳೇ ಅಪರೂಪ. ಇದು ಇಷ್ಟು ದಿನ ಬಚ್ಚಲಲ್ಲಿ ಕೂತಿತ್ತು. ಎಲ್ಲರೂ ಚಿಕ್ಕಸ್ವಾಮಪ್ಪನವರ ಬಾಯಿ ನೋಡಿದರು. ಅವರು ಹೋಳು ನೋಡಿದರು, ಚಿಲಕ ನೋಡಿದರು, ನನ್ನ ಇಟ್ಟಿಗೆ ಕಿವಿ, ಗವಿರಂಗನ ಕಾವಿ ಕಿವಿ ನೋಡಿದರು.

“ಹೋಳು ಕಪ್ಪಾದ್ರೆ ಮದುವೆ ಇಲ್ಲ ಅಂತ ಇದೆ” ಎಂದರು. “ಹೊರಗೆ ಕಪ್ಪಾಗಿ ಒಳಗೆ ಬೆಳ್ಳಗಿದ್ರೆ ಏನು ಅಂತ ಹಿರಿಯರು ಹೇಳಿಲ್ಲ. ಹೇಳಿಲ್ಲ ಅಂದಮೇಲೆ ನಾನು ಹೇಳ್ಬೇಕಾಗುತ್ತೆ. ನಾನು ಕೂತ್ಕೊಂಡು ಯೋಚನೆ ಮಾಡಿ ಹೇಳ್ಬೇಕು. ಆವತ್ತು ಉಪ್ಪಿಟ್ಟು ಮಾಡಿದ್ರಲ್ಲ, ಅದನ್ನ ಯಾರೂ ತಿನ್ನಲೇ ಇಲ್ಲ ಅಲ್ವಾ?”

ನಾನು ಅಷ್ಟು ಬೇಗ ಉಪ್ಪಿಟ್ಟು ಮಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಮದುವೆಯ ಸಿದ್ಧತೆಯ ನಡುವೆಯೇ ಈ ಕಪ್ಪು ಬಂದದ್ದು ಎಲ್ಲಿಂದ ಎಂದು ಎರಡೂ ಮನೆಯವರಿಗೆ ತಲೆಬಿಸಿ. ನಮ್ಮ ಕಷಾಯವನ್ನು ಮಡಕೆಯಲ್ಲಿ ಕಾಸಿ ಅವರದಕ್ಕೆ ಬೆರೆಸಿದರೆ ಬಣ್ಣ ಬದಲಾಗಲೇ ಇಲ್ಲ. ಬಾಣಲೆಯಲ್ಲಿ ಕಾಸಿದರೆ ಮತ್ತೆ ಅಮಾವಾಸ್ಯೆ. ಗವಿರಂಗ ಬಾಣಲೆಯನ್ನು ಬೋರಲು ಹಾಕಿ, ಎತ್ತಿ, ಬಿಸಿಲಿಗೆ ಹಿಡಿದ. ಈಗ ಮುಟ್ಟಲು ಅಡ್ಡಿಯಿರಲಿಲ್ಲ. ತಳ ಎಷ್ಟು ತೆಳ್ಳಗಾಗಿತ್ತೆಂದರೆ ಸೂಜಿಮೊನೆಯಷ್ಟು ಬೆಳಕು ಅದರೊಳಗಿಂದ ಬಂತು. ಅಜ್ಜಿಗೆ ಅದನ್ನು ಹೇಗೆ ಹೇಳುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅವಳ ಅತ್ತೆಯ ಅತ್ತೆಯ ಬಾಣಲೆ, ಅವಳ ಹೆಮ್ಮೆ. ಕೊನೆಗೆ ಅವಳೇ ಬೆರಳಾಡಿಸಿ ತೂತನ್ನು ಮುಟ್ಟಿದಳು.

“ಹುಳಿ ತಿಂದ್ಹಾಕಿದೆ” ಎಂದಳು. “ಇಷ್ಟು ವರ್ಷ ನಿಮಗೆಲ್ಲ ನಾನು ಬಾಣಲೇನೇ ಕುಡಿಸಿದ್ದೀನಿ ಕಣೋ. ನಮ್ಮತ್ತೆ ಕುಡಿಸಿದ್ಲು ನಂಗೆ, ನಾನು ಕುಡಿಸಿದೆ. ಅದಕ್ಕೇ ನಮ್ಮನೆಯೋರ್ದು ಇಷ್ಟು ಗಟ್ಟಿ ಬಾಯಿ.” ಹೀಗೆಂದು ನನ್ನ ಕಡೆ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಅಮ್ಮನಿಲ್ಲದ ನನ್ನನ್ನು ಅಟ್ಟಿಸಿಕೊಂಡು ಬಂದು ಕುಡಿಸಿದ ಆ ಲೋಟಗಳೆಲ್ಲ ನೆನಪಾಗಿ, ಆ ದಿನದ ಕಷಾಯವನ್ನು ಕೇಳದೆಯೇ ತೆಗೆದುಕೊಂಡು ಕುಡಿದೆ. ಅಜ್ಜಿ ನೋಡಿಯೂ ನೋಡದವಳಂತೆ ಸೊಪ್ಪು ಬಿಡಿಸುತ್ತಿದ್ದಳು.

ಬಾಣಲೆಯ ತೂತಿನಿಂದ ಊರಿಗೇನೂ ನಷ್ಟವಾಗಲಿಲ್ಲ. ಅಜ್ಜಿಯ ಹುಳಿ ಕಷಾಯದಲ್ಲಿ ತುಕ್ಕು ಮೊಳೆಗಳನ್ನು ನೆನೆಹಾಕಿ, ಆಮೇಲೆ ಪುಟ್ಟಗೌರಮ್ಮನದನ್ನು ಬೆರೆಸಿದರೂ ಅದೇ ಕಪ್ಪು ಬರುತ್ತದೆಂದು ಗವಿರಂಗ ಕಂಡುಕೊಂಡ. ತುಕ್ಕು ಮೊಳೆಗೆ ನಮ್ಮೂರಿನಲ್ಲಿ ಬರವೇ? “ನನ್ನ ಬಾಣಲೆಗೂ ಬೀದಿ ಮೊಳೆಗೂ ಒಂದೇ ಮರ್ಯಾದೆಯಾ?” ಎಂದು ಅಜ್ಜಿ ಮಾತ್ರ ಅವನ ಹತ್ತಿರ ಕೆಲವು ದಿನ ಮಾತು ಬಿಟ್ಟಿದ್ದಳು. ಬೀಗ, ಗೇಟುಗಳಿಗೆಲ್ಲ ಆ ಕಪ್ಪು ಹಚ್ಚಲು ಹೊರಟರೆ ಊರಿನವರೂ ಸುಲಭಕ್ಕೆ ಒಪ್ಪಲಿಲ್ಲ. ಗೇಟು ಎಂದಮೇಲೆ ಕೆಂಪಗಿರಬೇಕು, ಕಪ್ಪು ಗೇಟಿನ ಮನೆಗೆ ಹೆಣ್ಣು ಕೊಡುವುದು ಹೇಗೆ ಎಂದು ಚರ್ಚೆಯಾಯಿತು. ಬೀಗಗಳು ಬಿಗಿಯುವುದು ನಿಂತರೆ ಸಂಜೆ ಹೊತ್ತು ಮನೆ ಮುಂದೆ ನಿಂತು ಮಾತಾಡುವುದು ತಪ್ಪಿಹೋಗುತ್ತದೆ ಎಂದು ಕೆಲವರು ಇವತ್ತಿಗೂ ಕಪ್ಪು ಹಚ್ಚಿಸಿಕೊಂಡಿಲ್ಲ. ಚಿಕ್ಕಸ್ವಾಮಪ್ಪ ಹಗಲು ಬೈದು, ಮುಸ್ಸಂಜೆಯಲ್ಲಿ ಬಂದು ತಮ್ಮ ಮನೆಯ ಹಿಂಬಾಗಿಲಿಗೆ ಮಾತ್ರ ಹಚ್ಚಿಸಿಕೊಂಡು ಹೋದರು.

ಮದುವೆಯ ದಿನ ನನ್ನ ಕಿವಿಗಳು ತಕ್ಕಮಟ್ಟಿಗೆ ಬೆಳ್ಳಗಾಗಿದ್ದವು. ಹಸೆಗೆ ಕರೆದುಕೊಂಡು ಹೋಗುವ ಮೊದಲು ಅಜ್ಜಿ ಬಂದು, “ತಡಿ, ದೃಷ್ಟಿಯಾಗುತ್ತೆ” ಎಂದು ಬೆರಳನ್ನು ಆ ಕಷಾಯದ ಕಪ್ಪಿನ ಬಟ್ಟಲಿಗೆ ಅದ್ದಿದಳು. ಕೆನ್ನೆಯ ಮೇಲೆ, ಯಾರಿಗೂ ಕಾಣದ ಹಾಗೆ ಕಿವಿಯ ಹತ್ತಿರ, ಸಾಸಿವೆಯಷ್ಟು ಇಡುವುದು ಪದ್ಧತಿ. ಅಜ್ಜಿಯ ಕಣ್ಣಿಗೆ ನನ್ನ ಕೆನ್ನೆ ಸಿಗಲಿಲ್ಲ. ಮೂಗಿನ ಪಕ್ಕದಲ್ಲಿ, ನಡುಮುಖದಲ್ಲಿ, ಹುಣಿಸೆಬೀಜದಷ್ಟು ದೊಡ್ಡದಾಗಿ ಒತ್ತಿಬಿಟ್ಟಳು. ಕನ್ನಡಿ ನೋಡಿ ಕಿರುಚಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಎಣ್ಣೆ ಹಾಕಿ ತಿಕ್ಕಿದೆ, ಸೀಗೆಪುಡಿಯಲ್ಲಿ ಉಜ್ಜಿದೆ, ಮೂಗು ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. “ಏನ್ ಮಾಡ್ಬಿಟ್ಟೆ ಅಜ್ಜಿ! ನನ್ನ ಮುಖಾನೇ ಹಾಳು ಮಾಡ್ದೆ” ಎಂದು ಮಂಟಪದವರೆಗೂ ಜಗಳವಾಡಿಕೊಂಡೇ ಹೋದೆ. “ಹೋಗುತ್ತೆ ಬಿಡೇ, ನಾಳೆ ಹೋಗುತ್ತೆ” ಎನ್ನುತ್ತಿದ್ದಳು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಮುಖ ಗಂಟಿಕ್ಕಿಕೊಂಡಿದ್ದೇನೆ.

ಆ ಫೋಟೋ ಊಟ ಮುಗಿಯುವ ಮೊದಲೇ ಕಂದಿತು. ಅಜ್ಜಿ ಈಗ ಇಲ್ಲ. ಅವಳು ಹೋದ ಮೇಲೆ ಅವಳದೊಂದು ಮುಖ ಬೇಕೆಂದು ಗೋಡೆಯ ಮೇಲೆ ಹುಡುಕಿದರೆ, ಎಲ್ಲ ಕಂದು ಮಸುಕು, ಯಾವುದು ಅಜ್ಜಿ, ಯಾವುದು ಅವಳ ಅತ್ತೆ ಎಂದು ಗೊತ್ತೇ ಆಗುವುದಿಲ್ಲ. ಅವಳ ಸೀರೆಗಳು ಜೀರ್ಣವಾದವು. ಬಾಣಲೆಯಲ್ಲಿ ಅಪ್ಪ ತುಳಸಿ ಗಿಡ ನೆಟ್ಟಿದ್ದಾನೆ, ತೂತಿರುವುದರಿಂದ ನೀರು ಚೆನ್ನಾಗಿ ಬಸಿಯುತ್ತದೆ. ನಮ್ಮೂರಿನಲ್ಲಿ ಯಾವುದೂ ಉಳಿಯುವುದಿಲ್ಲ, ಯಾರನ್ನು ದೂರುವುದು?

ಬೆಳಗ್ಗೆ ಮುಖ ತೊಳೆದು ಕನ್ನಡಿ ನೋಡುತ್ತೇನೆ. ಕನ್ನಡಿಯ ಅಂಚೂ ತಿಂದುಹೋಗಿದೆ. ಮೂಗಿನ ಪಕ್ಕದಲ್ಲಿ ಅಜ್ಜಿಯ ಬೆರಳು ಎಲ್ಲಿ ಒತ್ತಿತ್ತೋ ಅಲ್ಲೇ ಆ ಕಪ್ಪು ಇದೆ, ಅವಳ ಬೆರಳಿನ ಗೆರೆಗಳ ಸಮೇತ. ಹೊಸದಾಗಿ ಬಟ್ಟೆ ತಂದವರು, “ಮುಖಕ್ಕೇನೋ ಮೆತ್ಕೊಂಡಿದೆ ನೋಡಿ ಅಕ್ಕ” ಎನ್ನುತ್ತಾರೆ. ಇರಲಿ ಬಿಡಿ ಎಂದು ಅಳತೆ ತೆಗೆದುಕೊಳ್ಳುತ್ತೇನೆ. ಈಗ ನಾನು ಅದನ್ನು ಉಜ್ಜುವುದಿಲ್ಲ.